ಮೂರು ಗಂಟೆ ಕತ್ತಲಲ್ಲಿ ಕೂರಲು ನಾನು ಮಾಡಿಕೊಂಡ ಸೊಳ್ಳೆ ಎಣ್ಣೆ

ನನಗೆ ರಾತ್ರಿ ಆಕಾಶ ನೋಡುವ ಹುಚ್ಚು. ಮೋಡ ಇಲ್ಲದ ರಾತ್ರಿ ಸಿಕ್ಕರೆ ಸಾಕು, ಹಿತ್ತಲಲ್ಲಿ ಟೆಲಿಸ್ಕೋಪ್ ನಿಲ್ಲಿಸಿಕೊಂಡು ಮೂರು ಗಂಟೆ ಕೂತುಬಿಡುತ್ತೇನೆ. ಈ ಹವ್ಯಾಸಕ್ಕೆ ಕತ್ತಲು ಬೇಕು, ಅಲುಗಾಡದೆ ಕೂರುವ ತಾಳ್ಮೆ ಬೇಕು. ಸೊಳ್ಳೆಗೂ ಬೇಕಾಗಿರುವುದು ಅದೇ ಎರಡು. ಐಪೀಸಿಗೆ ಕಣ್ಣು ಇಟ್ಟಾಗ ಕಾಲಿಗೆ ಕಚ್ಚಿತು ಅಂತ ಕೈ ಬೀಸಿದರೆ ಟೆಲಿಸ್ಕೋಪ್ ಅದುರುತ್ತದೆ. ಅರ್ಧ ಗಂಟೆ ಕಷ್ಟಪಟ್ಟು ಹಿಡಿದ ಮಸುಕು ನಕ್ಷತ್ರಗುಚ್ಛ ಕಣ್ಣಿಂದ ಜಾರಿ ಹೋಗುತ್ತದೆ.

ಮೊದಮೊದಲು ನಾನು ಹಚ್ಚಿಕೊಳ್ಳುತ್ತಿದ್ದದ್ದು ಡೀಟ್ ಇರುವ ಕ್ರೀಮು. 1946ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ತಯಾರಾಗಿ, 1957ರಿಂದ ಜನರ ಕೈಗೂ ಬಂದ ರಾಸಾಯನಿಕ ಅದು. ಸೊಳ್ಳೆ ತಡೆಯುವುದರಲ್ಲಿ ಇವತ್ತಿಗೂ ಗಟ್ಟಿ. ಅದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒಂದು ರಾತ್ರಿ ಕ್ರೀಮು ಹಚ್ಚಿದ ಕೈಯಲ್ಲೇ ಫೋಕಸ್ ಗುಂಡಿ ತಿರುಗಿಸಿದೆ. ಬೆಳಿಗ್ಗೆ ನೋಡಿದರೆ ಗುಂಡಿಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಅಚ್ಚು ಒತ್ತಿದ ಹಾಗೆ ಕೂತಿತ್ತು. ಹೊಳಪು ಹೋಗಿ ಅಂಟಂಟು. ಅವತ್ತೇ ಬೇರೆ ದಾರಿ ಹುಡುಕೋಣ ಅನ್ನಿಸಿತು.

ಹಾಗೆ ಶುರುವಾದದ್ದು ಸಿಟ್ರೊನೆಲ್ಲಾ ಎಣ್ಣೆ. ಮಜ್ಜಿಗೆಹುಲ್ಲಿನ ಹತ್ತಿರದ ಸಂಬಂಧಿಯಾದ ಒಂದು ಹುಲ್ಲಿನಿಂದ ಭಟ್ಟಿ ಇಳಿಸಿ ತೆಗೆಯುವ ಎಣ್ಣೆ ಅದು. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಎಣ್ಣೆ ಹನಿಸಿ, ಮುಚ್ಚಳ ಹಾಕಿ ಕುಲುಕಿದೆ. ಮೊದಲ ಎರಡು ರಾತ್ರಿ ಏನೂ ಪ್ರಯೋಜನ ಕಾಣಲಿಲ್ಲ. ನಾಲ್ಕನೇ ರಾತ್ರಿ ಕುತ್ತಿಗೆ ಸುತ್ತ ಉರಿ ಎದ್ದು ಕೆಂಪು ದದ್ದು ಬಂತು. ಅದೇ ಬಾಟಲಿ, ಅದೇ ಎಣ್ಣೆ. ಹೀಗೇಕೆ ಅಂತ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು. ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ. ಕುಲುಕಿದ ಸ್ವಲ್ಪ ಹೊತ್ತಿಗೇ ಮೇಲೆ ತೇಲಿ ಒಂದು ತೆಳು ಪದರ ಕಟ್ಟುತ್ತದೆ. ಸ್ಪ್ರೇಯ ಕೊಳವೆ ಇರುವುದು ಬಾಟಲಿಯ ತಳದಲ್ಲಿ. ಅಂದರೆ ಮೊದಲಿಗೆಲ್ಲ ನಾನು ಬರೀ ನೀರು ಹೊಡೆದುಕೊಂಡಿದ್ದೆ. ಬಾಟಲಿ ಖಾಲಿಯಾಗುತ್ತಾ ಬಂದಾಗ ನೀರು ಬೆರೆಯದ ಬರೀ ಎಣ್ಣೆ ಕುತ್ತಿಗೆಗೆ ಬಿದ್ದಿತ್ತು.

ಆಮೇಲೆ ನೀರಿನ ಸಹವಾಸ ಬಿಟ್ಟೆ. ಎಣ್ಣೆಯನ್ನು ಎಣ್ಣೆಯಲ್ಲೇ ಬೆರೆಸಬೇಕು. ಈಗ ನನ್ನ ಅಳತೆ ಹೀಗಿದೆ: 30 ಮಿಲಿ ಕೊಬ್ಬರಿ ಎಣ್ಣೆಗೆ 12 ಹನಿ ಸಿಟ್ರೊನೆಲ್ಲಾ. ಒಂದು ಮಿಲಿಗೆ ಸುಮಾರು 20 ಹನಿ ಅಂತ ಹಿಡಿದರೆ ಇದು ನೂರಕ್ಕೆ ಎರಡು ಪಾಲು ಆಗುತ್ತದೆ. ವಾಸನೆ ಗಾಢವಾಗಿದ್ದಷ್ಟೂ ಒಳ್ಳೆಯದು ಅಂತ ಇನ್ನೂ ಸುರಿಯಲು ಕೈ ಹೋಗುತ್ತದೆ, ಆದರೆ ಚರ್ಮ ತಡೆಯುವುದಿಲ್ಲ. ಹೊಸ ಎಣ್ಣೆ ತಂದಾಗಲೆಲ್ಲ ಮೊಣಕೈ ಒಳಭಾಗದಲ್ಲಿ ಒಂದು ಬೊಟ್ಟು ಹಚ್ಚಿ ಒಂದು ದಿನ ಬಿಟ್ಟು ನೋಡುತ್ತೇನೆ. ಇನ್ನೊಂದು ಮಾತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆಕಾಶ ತಿಳಿಯಾಗಿರುವ ಚಳಿ ರಾತ್ರಿಗಳಲ್ಲೇ ಹೀಗಾಗಿ ಬಾಟಲಿಯಿಂದ ಹನಿಯೂ ಬರುತ್ತಿರಲಿಲ್ಲ. ಆ ದಿನಗಳಿಗೆ ಎಳ್ಳೆಣ್ಣೆಯಲ್ಲಿ ಬೆರೆಸಿ ಇಟ್ಟುಕೊಳ್ಳುತ್ತೇನೆ.

ಯಾವ ಎಣ್ಣೆ ಎಷ್ಟು ಹೊತ್ತು ತಡೆಯುತ್ತದೆ ಅಂತ ಊಹೆ ಮೇಲೆ ಬಿಡಲು ಮನಸ್ಸಾಗಲಿಲ್ಲ. ಸಂಜೆ ಹೊತ್ತು ಒಂದೇ ಮೂಲೆಯಲ್ಲಿ ಕೂತು ಎಡಗೈಗೆ ಎಣ್ಣೆ ಹಚ್ಚಿ, ಬಲಗೈ ಹಾಗೇ ಬಿಟ್ಟು, ಗಡಿಯಾರ ನೋಡುತ್ತಾ ಬರೆದುಕೊಂಡೆ. ಕಚ್ಚಲು ಬಿಡುತ್ತಿರಲಿಲ್ಲ, ಸೊಳ್ಳೆ ಬಂದು ಕೂತ ತಕ್ಷಣ ಕೊಡವಿ ಲೆಕ್ಕ ಹಾಕುತ್ತಿದ್ದೆ. ಸುತ್ತಮುತ್ತ ಯಾರಿಗೂ ಜ್ವರ ಇಲ್ಲದ ದಿನಗಳನ್ನೇ ಇದಕ್ಕೆ ಆರಿಸಿಕೊಂಡಿದ್ದೆ. ಬಲಗೈ ಮೇಲೆ ಎರಡು ಮೂರು ನಿಮಿಷದಲ್ಲೇ ಸೊಳ್ಳೆ ಕೂರುತ್ತಿತ್ತು. ಸಿಟ್ರೊನೆಲ್ಲಾ ಹಚ್ಚಿದ ಎಡಗೈಗೆ ಮೊದಲ ಸೊಳ್ಳೆ ಬಂದದ್ದು ಒಮ್ಮೆ 40 ನಿಮಿಷಕ್ಕೆ, ಒಮ್ಮೆ 50ಕ್ಕೆ, ಬೆವರಿದ್ದ ದಿನ 25ಕ್ಕೆ. ಒಂದು ಗಂಟೆ ದಾಟಿದ್ದು ಇಲ್ಲವೇ ಇಲ್ಲ. ಇಂಥ ಎಣ್ಣೆಗಳು ಕೆಲಸ ಮಾಡುವುದೇ ಗಾಳಿಗೆ ಹಾರಿ. ಹಾರಿ ಮುಗಿದ ಮೇಲೆ ಚರ್ಮದ ಮೇಲೆ ಉಳಿಯುವುದು ಬರೀ ಕೊಬ್ಬರಿ ಎಣ್ಣೆ. ಹಾಗಾಗಿ ಸಂಜೆ ಒಮ್ಮೆ ಹಚ್ಚಿಕೊಂಡು ರಾತ್ರಿಯೆಲ್ಲ ನಿಶ್ಚಿಂತೆಯಿಂದ ಇರಬಹುದು ಅನ್ನುವ ಮಾತನ್ನು ನಂಬಬೇಡಿ. ನೈಸರ್ಗಿಕ ಎಣ್ಣೆ ಕೆಲಸ ಮಾಡಲ್ಲ ಅಂತ ಬೇಜಾರು ಮಾಡಿಕೊಳ್ಳುವವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಲವಂಗದ ಎಣ್ಣೆ ಇದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ತಡೆಯಿತು, ಆದರೆ ಅದು ಚರ್ಮ ಸುಡುವ ಎಣ್ಣೆ. 30 ಮಿಲಿಗೆ ಮೂರು ಹನಿ ದಾಟಿಸುವುದಿಲ್ಲ, ಮುಖಕ್ಕಂತೂ ಹಚ್ಚುವುದೇ ಇಲ್ಲ. ಬೇವಿನ ಎಣ್ಣೆ ಪರವಾಗಿಲ್ಲ. ಆದರೆ ಬೆಳ್ಳುಳ್ಳಿ ಕೊಳೆತ ಹಾಗಿರುವ ಅದರ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಬೇವಿನ ಎಣ್ಣೆ ಬಾಟಲಿ ಎತ್ತರದಲ್ಲಿ ಇಡಬೇಕು. ಪುಟ್ಟ ಮಕ್ಕಳು ಕುಡಿದರೆ ಜೀವಕ್ಕೇ ಅಪಾಯ.

ಗಿಡದಿಂದ ಬಂದದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಡೆದದ್ದು ಲೆಮನ್ ಯೂಕಲಿಪ್ಟಸ್. ಇಲ್ಲಿ ಒಂದು ಗೊಂದಲ ಇದೆ, ನಾನೂ ಮೊದಲ ಸಲ ತಪ್ಪು ಬಾಟಲಿ ತಂದಿದ್ದೆ. ಆ ಮರದ ಎಲೆಯಿಂದ ಇಳಿಸಿದ ಸುಗಂಧ ಎಣ್ಣೆ ಬೇರೆ, ಅದನ್ನು ಸಂಸ್ಕರಿಸಿ ಪಿಎಂಡಿ ಅನ್ನುವ ಅಂಶ ಹೆಚ್ಚಿಸಿದ ಸೊಳ್ಳೆ ನಿವಾರಕ ಬೇರೆ. ಹೆಸರು ಹೆಚ್ಚುಕಡಿಮೆ ಒಂದೇ. ಮೊದಲನೆಯದು ಸಿಟ್ರೊನೆಲ್ಲಾದಂತೆ ಬೇಗ ಹಾರಿಹೋಗುತ್ತದೆ. ಎರಡನೆಯದು ಗಂಟೆಗಟ್ಟಲೆ ನಿಲ್ಲುತ್ತದೆ, ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯಾದ ಸಿಡಿಸಿ ಕೂಡ ಡೀಟ್ ಜೊತೆಗೆ ಇದನ್ನು ಶಿಫಾರಸು ಮಾಡುತ್ತದೆ. ಆದ್ದರಿಂದ ಲೇಬಲ್ ಮೇಲೆ ಪಿಎಂಡಿ ಅಂತ ಇದೆಯಾ ನೋಡಿ ತೆಗೆದುಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳಿಗೆ ಇದನ್ನು ಹಚ್ಚಬಾರದು.

ಅಕ್ಕನ ಮಗಳು ರಜೆಗೆ ಬಂದಾಗ ನನ್ನ ಜೊತೆ ಕೂರುತ್ತಾಳೆ. ಒಂದು ರಾತ್ರಿ ಕೇಳಿದಳು, "ಮಾವ, ಇಷ್ಟು ಕತ್ತಲಲ್ಲಿ ಸೊಳ್ಳೆಗೆ ನಾವು ಹೇಗೆ ಕಾಣ್ತೀವಿ?"

"ಮೊದಲು ಕಾಣಲ್ಲ ಪುಟ್ಟಿ, ನಮ್ಮ ಉಸಿರಿನ ಜಾಡು ಸಿಗುತ್ತೆ," ಅಂದೆ.

ನಾವು ಬಿಡುವ ಉಸಿರಲ್ಲಿರುವ ಕಾರ್ಬನ್ ಡೈಆಕ್ಸೈಡಿನ ಜಾಡು ಸೊಳ್ಳೆಗೆ ಹತ್ತಾರು ಮೀಟರ್ ದೂರದಿಂದಲೇ ಸಿಗುತ್ತದೆ. ಆ ಜಾಡು ಹಿಡಿದು ಬರುತ್ತದೆ. ಹತ್ತಿರ ಬಂದ ಮೇಲೆ ಬೆವರಿನ ವಾಸನೆ, ಮೈಯ ಬಿಸಿ ದಾರಿ ತೋರಿಸುತ್ತವೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ನಾವು ಹಚ್ಚುವ ಎಣ್ಣೆ ಸೊಳ್ಳೆಯನ್ನು ಸಾಯಿಸುವುದಿಲ್ಲ, ಹತ್ತಿರ ಬಂದಾಗ ಮೈವಾಸನೆಯ ಗುರುತು ಸಿಗದ ಹಾಗೆ ಮಾಡುತ್ತದೆ, ಅಷ್ಟೆ. ಅದಕ್ಕೇ ಬಿಟ್ಟುಹೋದ ಜಾಗ ಒಂದು ಕಾಸಿನಗಲ ಇದ್ದರೂ ಅಲ್ಲೇ ಬಂದು ಕಚ್ಚುತ್ತದೆ. ನನ್ನ ಅನುಭವದಲ್ಲಿ ಆ ಜಾಗ ಯಾವಾಗಲೂ ಹಿಮ್ಮಡಿಯ ಮೇಲೆ, ಕಾಲುಚೀಲ ಮುಗಿದು ಪ್ಯಾಂಟು ಶುರುವಾಗುವ ಸಂದಿ. ಕಿವಿಯ ಹಿಂಭಾಗ ಎರಡನೆಯದು.

ಕೈಗೆ ಮಾತ್ರ ನಾನು ಹಚ್ಚುವುದಿಲ್ಲ. ಡೀಟ್‌ನಿಂದ ಕಲಿತ ಪಾಠ. ಈ ಸುಗಂಧ ಎಣ್ಣೆಗಳಲ್ಲೂ ಕೆಲವು ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆ ಥರ್ಮೊಕೋಲ್ ಮೇಲೆ ಬಿದ್ದರೆ ಅಲ್ಲೇ ಕರಗಿ ಗುಂಡಿ ಬೀಳುತ್ತದೆ, ಬೇಕಾದರೆ ಮಾಡಿ ನೋಡಿ. ಲೆನ್ಸಿಗೆ ಬೆರಳಿನ ಎಣ್ಣೆ ತಾಗಿದರೆ ಆ ರಾತ್ರಿ ಮುಗಿಯಿತು. ಹಾಗಾಗಿ ಒಂದು ಹತ್ತಿ ಬಟ್ಟೆಯ ತುಂಡಿಗೆ ಎಣ್ಣೆ ಹಾಕಿ, ಅದರಿಂದಲೇ ಕಾಲು, ಕುತ್ತಿಗೆ ಒರೆಸಿಕೊಳ್ಳುತ್ತೇನೆ. ಕಾಲುಚೀಲದ ಅಂಚಿಗೆ, ಟೋಪಿಗೆ, ಅಂಗಿಯ ಕಾಲರಿಗೆ ಎರಡೆರಡು ಹನಿ. ಬಟ್ಟೆಯ ಮೇಲೆ ವಾಸನೆ ಮೈಮೇಲಿಗಿಂತ ಹೆಚ್ಚು ಹೊತ್ತು ಇರುತ್ತದೆ. ಅಂಗಿ ತುಂಬು ತೋಳಿನದು, ಸಡಿಲವಾದದ್ದು, ತಿಳಿ ಬಣ್ಣದ್ದು. ಬಿಗಿ ಬಟ್ಟೆಯಾದರೆ ಅದರ ಮೂಲಕವೇ ಕಚ್ಚುತ್ತವೆ.

ಎಣ್ಣೆಯಷ್ಟೇ ನನ್ನ ಕೈ ಹಿಡಿದದ್ದು ಒಂದು ಪುಟ್ಟ ಫ್ಯಾನು. ಸೊಳ್ಳೆ ಗಾಳಿಗೆ ಎದುರಾಗಿ ಹಾರುವುದರಲ್ಲಿ ತೀರಾ ದುರ್ಬಲ. ಜೊತೆಗೆ ಉಸಿರಿನ ಜಾಡನ್ನೂ ಫ್ಯಾನು ಚದುರಿಸಿಬಿಡುತ್ತದೆ. ನೆಲದ ಮೇಲೆ, ಮೊಣಕಾಲಿನ ಕೆಳಗೆ ಗಾಳಿ ಬೀಸುವ ಹಾಗೆ ಇಟ್ಟುಕೊಳ್ಳುತ್ತೇನೆ. ಟೆಲಿಸ್ಕೋಪಿಗೆ ತಾಗುವ ಮೇಜಿನ ಮೇಲಿಟ್ಟರೆ ಅದರ ನಡುಕ ಚಿತ್ರದಲ್ಲಿ ಕಾಣುತ್ತದೆ. ಎಣ್ಣೆಯ ಜೊತೆ ಫ್ಯಾನು ಸೇರಿದ ರಾತ್ರಿಗಳಲ್ಲಿ ಕಚ್ಚಿಸಿಕೊಂಡದ್ದನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಇಷ್ಟೆಲ್ಲ ಮಾಡಿದರೂ ಒಂದು ಮಳೆಗಾಲದಲ್ಲಿ ಸೊಳ್ಳೆ ವಿಪರೀತ ಆಯಿತು. ಎಲ್ಲಿಂದ ಬರುತ್ತಿವೆ ಅಂತ ಚರಂಡಿ, ತೊಟ್ಟಿ ಎಲ್ಲ ನೋಡಿದೆ. ಕೊನೆಗೆ ಸಿಕ್ಕಿದ್ದು ಟೆಲಿಸ್ಕೋಪಿಗೆ ಮುಚ್ಚುವ ನನ್ನದೇ ಟಾರ್ಪಾಲಿನಲ್ಲಿ. ಅದರ ಒಂದು ಮಡಿಕೆಯಲ್ಲಿ ಬೊಗಸೆಯಷ್ಟು ಮಳೆನೀರು ನಿಂತಿತ್ತು. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಕಂದು ದಾರದ ಚೂರಿನಂಥ ಹತ್ತಿಪ್ಪತ್ತು ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬಾಲದ ತುದಿಯ ಸಣ್ಣ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಒಟ್ಟಿಗೆ ಮೈ ತಿರುಚಿಕೊಂಡು ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮತ್ತೆ ಮೇಲೆ ಬಂದವು. ನಾನು ಎಷ್ಟೋ ಹೊತ್ತು ಅಲ್ಲೇ ಕೂತು ನೋಡಿದೆ. ಆಮೇಲೆ ಒಣಮಣ್ಣಿನ ಮೇಲೆ ಆ ನೀರನ್ನು ಚೆಲ್ಲಿದೆ.

ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೆ ವಾರಕ್ಕೊಮ್ಮೆ ಟಾರ್ಪಾಲು ಬಿಚ್ಚಿ ಕೊಡವುವುದು, ಕುಂಡದ ಕೆಳಗಿನ ತಟ್ಟೆಗಳ ನೀರು ಚೆಲ್ಲುವುದು ತಪ್ಪಿಸುವುದಿಲ್ಲ. ಸುಮ್ನೆ ಚೆಲ್ಲಿದರೆ ಸಾಲದು, ತಿಕ್ಕಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಮೇಲೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ, ನೀರು ತಾಗಿದಾಗ ಒಡೆಯುತ್ತವೆ. ಚೆಲ್ಲಲಾಗದಷ್ಟು ನೀರಿರುವ ತೊಟ್ಟಿಗೆ ಬಿಟಿಐ ಹಾಕುತ್ತೇನೆ. ಅದು 1976ರಲ್ಲಿ ಇಸ್ರೇಲಿನ ಮರುಭೂಮಿಯಲ್ಲಿ ಪತ್ತೆಯಾದ ಒಂದು ಬ್ಯಾಕ್ಟೀರಿಯಾ. ಸೊಳ್ಳೆ ಮರಿಗಳ ಹೊಟ್ಟೆ ಕೆಡಿಸಿ ಸಾಯಿಸುತ್ತದೆ, ಮೀನಿಗೆ ಏನೂ ಮಾಡುವುದಿಲ್ಲ.

ಪ್ರಯೋಜನವಾಗದ ಪ್ರಯತ್ನಗಳೂ ಇವೆ. ಸಿಟ್ರೊನೆಲ್ಲಾ ಹುಲ್ಲಿನ ಎರಡು ಕುಂಡ ಕುರ್ಚಿ ಪಕ್ಕ ಇಟ್ಟಿದ್ದೆ. ಸೊಳ್ಳೆ ಆ ಎಲೆಯ ಮೇಲೇ ಕೂತಿತ್ತು. ಎಲೆಯನ್ನು ಜಜ್ಜಿದಾಗ ಮಾತ್ರ ಎಣ್ಣೆ ಹೊರಗೆ ಬರುತ್ತದೆ, ಸುಮ್ನೆ ನಿಂತ ಗಿಡದಿಂದ ಅಲ್ಲ. ಮೇಣದಬತ್ತಿ ಹಚ್ಚಿದರೆ ಕಣ್ಣು ಕತ್ತಲಿಗೆ ಹೊಂದಿಕೊಂಡದ್ದೆಲ್ಲ ಹಾಳು, ಸೊಳ್ಳೆಯೂ ಅಷ್ಟಾಗಿ ಕಮ್ಮಿಯಾಗಲಿಲ್ಲ. ಹೊಗೆ ಹಾಕಿದರೆ ಸೊಳ್ಳೆ ಹೋಗುತ್ತದೆ, ಆದರೆ ಆ ಹೊಗೆಯನ್ನು ನಾವೂ ಕುಡಿಯಬೇಕಲ್ವಾ? ಬೆಳ್ಳುಳ್ಳಿ ತಿನ್ನುವುದು, ಅಲ್ಟ್ರಾಸೌಂಡ್ ಯಂತ್ರ, ಇವುಗಳಿಂದ ಒಂದು ಸೊಳ್ಳೆಯೂ ಕಮ್ಮಿಯಾಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸುತ್ತಮುತ್ತ ಡೆಂಗಿಯೋ ಮಲೇರಿಯಾವೋ ಇದೆ ಅಂತ ಗೊತ್ತಾದರೆ ನನ್ನ ಎಣ್ಣೆ ಬಾಟಲಿ ಒಳಗೆ ಹೋಗುತ್ತದೆ. ಆಗ ಹಚ್ಚುವುದು ಡೀಟ್, ಇಲ್ಲವೇ ಪಿಕಾರಿಡಿನ್ ಅನ್ನುವ ಇನ್ನೊಂದು ಸೊಳ್ಳೆ ನಿವಾರಕ ರಾಸಾಯನಿಕ. ಪಿಕಾರಿಡಿನ್ ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ, ಹಾಗಾಗಿ ಟೆಲಿಸ್ಕೋಪ್ ಇಟ್ಟುಕೊಂಡವರಿಗೆ ಅದೇ ಒಳ್ಳೆಯದು. 40 ನಿಮಿಷ ನಿಲ್ಲುವ ವಾಸನೆಯನ್ನು ನಂಬಿ ಮಗುವನ್ನು ಅಂಥ ಸಮಯದಲ್ಲಿ ಹೊರಗೆ ಕೂರಿಸುವುದು ಸರಿಯಲ್ಲ. ಮನೆಯಲ್ಲಿ ಬೆಕ್ಕು ಇದ್ದವರೂ ಜಾಗ್ರತೆ. ಹಲವು ಸುಗಂಧ ಎಣ್ಣೆಗಳನ್ನು ಬೆಕ್ಕಿನ ದೇಹ ಅರಗಿಸಿಕೊಳ್ಳಲಾರದು, ಎಣ್ಣೆ ಹಚ್ಚಿದ ಕಾಲನ್ನು ಅದು ನೆಕ್ಕಬಾರದು.

ಈಗ ಎಣ್ಣೆಯನ್ನು ಕಪ್ಪು ಬಾಟಲಿಯಲ್ಲಿ, ಬೆರೆಸಿದ ತಾರೀಖು ಬರೆದು ಇಡುತ್ತೇನೆ. ಗಾಳಿ ಬೆಳಕು ತಾಗಿ ಹಳೆಯದಾದ ಎಣ್ಣೆ ಚರ್ಮಕ್ಕೆ ಜಾಸ್ತಿ ಉರಿ ತರುತ್ತದೆ, ಮೂರು ತಿಂಗಳಾದರೆ ಚೆಲ್ಲಿಬಿಡುತ್ತೇನೆ. ಕೂರುವ ಮೊದಲು ಗಡಿಯಾರದಲ್ಲಿ 40 ನಿಮಿಷದ ಅಲಾರಾಂ. ಅಕ್ಕನ ಮಗಳು ಇದ್ದಾಗ ಅಲಾರಾಂ ಬೇಕಾಗುವುದಿಲ್ಲ. ನಾನು ಐಪೀಸಿಗೆ ಕಣ್ಣು ಇಟ್ಟಿದ್ದಾಗಲೇ ಬಟ್ಟೆಯ ತುಂಡು ತಂದು ಕೈಗಿಡುತ್ತಾಳೆ. "ಮಾವ, ಟೈಮ್ ಆಯ್ತು, ಕಿವಿ ಹಿಂದೆ ಮರೀಬೇಡಿ."