ಟೈಮ್‌ಔಟ್ ಆದ ರಿಕ್ವೆಸ್ಟ್ ಎಲ್ಲಿಗೆ ಹೋಯಿತು: ನನ್ನ ಅನುಭವ

ನಾನು ಬರೆದ ಆಂಡ್ರಾಯ್ಡ್ ಆ್ಯಪ್ ಒಂದರಲ್ಲಿ ಬಳಕೆದಾರರು ಫಾರಂ ತುಂಬಿ, ಫೋಟೊ ಲಗತ್ತಿಸಿ ಕಳುಹಿಸಬೇಕಿತ್ತು. ಒಂದೇ ಫಾರಂ ಡೇಟಾಬೇಸ್‌ನಲ್ಲಿ ಮೂರು ಸಲ ದಾಖಲಾಗಿರುವುದು ಕಂಡಾಗ, ಜನ ತಾಳ್ಮೆಗೆಟ್ಟು ಬಟನ್ ಒತ್ತುತ್ತಲೇ ಇರುತ್ತಾರೆಂದು ತಪ್ಪನ್ನು ಅವರ ತಲೆಗೇ ಕಟ್ಟಿದೆ. ಸರ್ವರ್ ಲಾಗ್ ಬೇರೆಯದನ್ನೇ ಹೇಳುತ್ತಿತ್ತು. ಮೊದಲ ರಿಕ್ವೆಸ್ಟನ್ನು, ಅಂದರೆ ಆ್ಯಪ್ ಕಳುಹಿಸಿದ ಕೋರಿಕೆಯನ್ನು, ಸರ್ವರ್ 12 ಸೆಕೆಂಡಿನಲ್ಲಿ ಸರಿಯಾಗಿಯೇ ಮುಗಿಸಿತ್ತು. ಆ್ಯಪ್ ಮಾತ್ರ 10ನೆಯ ಸೆಕೆಂಡಿಗೇ ಕಾಯುವುದನ್ನು ಬಿಟ್ಟು (ಇದೇ ಟೈಮ್‌ಔಟ್), ನಾನೇ ಬರೆದ ರಿಟ್ರೈ (ಮರುಪ್ರಯತ್ನ) ಕೋಡ್‌ನ ಮೂಲಕ ಅದೇ ಮಾಹಿತಿಯನ್ನು ಇನ್ನೆರಡು ಸಲ ಕಳುಹಿಸಿತ್ತು.

ಆ 10 ಸೆಕೆಂಡನ್ನು ನಾನು ಆರಿಸಿದ್ದಲ್ಲ. ಸರ್ವರ್ ಜೊತೆ ಮಾತಾಡಲು ನಾನು ಬಳಸಿದ ಓಕೆಎಚ್‌ಟಿಟಿಪಿ ಲೈಬ್ರರಿಯಲ್ಲಿ ಕನೆಕ್ಟ್ (ಸಂಪರ್ಕ ಸಾಧಿಸುವುದು), ರೀಡ್ (ಉತ್ತರ ಓದುವುದು), ರೈಟ್ (ಮಾಹಿತಿ ಕಳುಹಿಸುವುದು) ಮೂರಕ್ಕೂ ಮೊದಲೇ ಇರುವ ಮಿತಿ ಅದು. ರೀಡ್ ಟೈಮ್‌ಔಟ್ ಎಂದರೆ ಇಡೀ ಉತ್ತರಕ್ಕೆ ಹಾಕಿದ ಗಡುವು ಎಂದು ನಾನು ಬಹುಕಾಲ ನಂಬಿದ್ದೆ. ಅದು ಅಳೆಯುವುದು ಮೌನವನ್ನು ಮಾತ್ರ. ಸರ್ವರ್ 9 ಸೆಕೆಂಡಿಗೊಮ್ಮೆ ಒಂದೊಂದು ಬೈಟ್ ಕಳುಹಿಸುತ್ತಿದ್ದರೆ ಎಣಿಕೆ ಪ್ರತಿ ಸಲವೂ ಮೊದಲಿನಿಂದ ಶುರುವಾಗಿ, ಆ ರಿಕ್ವೆಸ್ಟ್ ಗಂಟೆಗಟ್ಟಲೆ ಎಳೆಯಬಹುದು. ಕನೆಕ್ಟ್ ಟೈಮ್‌ಔಟ್‌ನದ್ದು ಇನ್ನೊಂದು ಕಥೆ: ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ ಅದು ಒಂದೊಂದು ಐಪಿ ವಿಳಾಸಕ್ಕೂ ಪ್ರತ್ಯೇಕವಾಗಿ ಅನ್ವಯಿಸುತ್ತಿದ್ದುದರಿಂದ, ನಾಲ್ಕು ವಿಳಾಸಗಳಿದ್ದ ಸರ್ವರ್ ಹೆಸರಿಗೆ ಪರದೆಯ ಮೇಲಿನ ಚಕ್ರ 40 ಸೆಕೆಂಡು ತಿರುಗಿತು. ಡಿಎನ್‌ಎಸ್ ಹುಡುಕಾಟ (ಸರ್ವರ್ ಹೆಸರಿನಿಂದ ಐಪಿ ವಿಳಾಸ ಪತ್ತೆ), ಸಂಪರ್ಕ, ರವಾನೆ, ಉತ್ತರ ಎಲ್ಲವನ್ನೂ ಒಟ್ಟಿಗೆ ಅಳೆಯುವುದು ಕಾಲ್ ಟೈಮ್‌ಔಟ್. ಮೊದಲಿಗೆ ಅದರ ಮೌಲ್ಯ 0, ಅಂದರೆ ಮಿತಿಯೇ ಇಲ್ಲ. ಐಫೋನಿನ ಐಒಎಸ್‌ನಲ್ಲಿ ಇದೇ ಕೆಲಸ ಮಾಡುವ ಯುಆರ್‌ಎಲ್‌ಸೆಷನ್‌ನಲ್ಲಿಯೂ ಇಂಥದೇ ಜೋಡಿಯಿದೆ: ಮೌನಕ್ಕೆ 60 ಸೆಕೆಂಡು, ಒಟ್ಟು ಕೆಲಸಕ್ಕೆ 7 ದಿನ. ಬೆರಳು ಪರದೆಯ ಮೇಲಿಟ್ಟುಕೊಂಡು ಕಾಯುವವರಿಗೆ ಏಳು ದಿನವೆಂದರೆ ತಮಾಷೆಯೇ ಸರಿ, ಹಿನ್ನೆಲೆಯ ಡೌನ್‌ಲೋಡ್‌ಗೆ ಮಾತ್ರ ಅದು ಒಪ್ಪುತ್ತದೆ.

ಕನೆಕ್ಟ್ ಮಿತಿಯನ್ನು ಮೊದಲು 2 ಸೆಕೆಂಡಿಗೆ ಇಳಿಸಿ ಕೈ ಸುಟ್ಟುಕೊಂಡೆ. ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ಓಡುವ ಅಣಕು ಫೋನು) ಪ್ಯಾಕೆಟ್‌ಗಳನ್ನು ಹಿಡಿದು ನೋಡಿದಾಗ, ಕಳೆದುಹೋದ, ಸಂಪರ್ಕ ಕೋರುವ ಮೊದಲ ಸಿನ್ ಪ್ಯಾಕೆಟ್ 1, 3, 7ನೆಯ ಸೆಕೆಂಡುಗಳಲ್ಲಿ ಮತ್ತೆ ಹೊರಡುತ್ತಿತ್ತು. 2 ಸೆಕೆಂಡಿಗೆ ಕೈಬಿಟ್ಟರೆ ದುರ್ಬಲ ಸಿಗ್ನಲ್‌ನಲ್ಲಿರುವವರಿಗೆ ದಕ್ಕುವುದು ಎರಡೇ ಪ್ರಯತ್ನ. 8 ಇಟ್ಟರೆ ನಾಲ್ಕು. ಹೀಗಾಗಿ 8ಕ್ಕೆ ನಿಂತೆ. ಫಾರಂಗೆ ಒಟ್ಟು 30 ಸೆಕೆಂಡಿನ ಕಾಲ್ ಟೈಮ್‌ಔಟ್ ಇಟ್ಟು, ರೀಡ್ ಮಿತಿಯನ್ನು 20ಕ್ಕೆ ಏರಿಸಿದೆ. ಫೋಟೊಗಳಿಗೆ ಅದೇ ಕನೆಕ್ಷನ್ ಪೂಲ್ (ಮರುಬಳಕೆಗೆ ತೆರೆದಿಟ್ಟ ಸಂಪರ್ಕಗಳ ಗುಂಪು) ಹಂಚಿಕೊಳ್ಳುವ, ದೀರ್ಘ ಮಿತಿಗಳ ಇನ್ನೊಂದು ಕ್ಲೈಂಟ್ ಮಾಡಿಕೊಂಡೆ.

ಅಂಕೆಗಳನ್ನು ಎಷ್ಟೇ ತಿದ್ದಿದರೂ ಮೂರು ದಾಖಲೆಗಳ ತೊಂದರೆ ಕಡಿಮೆಯಾಗುತ್ತಿತ್ತೇ ಹೊರತು ತೀರುತ್ತಿರಲಿಲ್ಲ. ಟೈಮ್‌ಔಟ್ ಆದಾಗ ಆ್ಯಪ್‌ಗೆ ತಿಳಿದಿರುವುದು ಉತ್ತರ ಬಂದಿಲ್ಲವೆಂಬುದಷ್ಟೇ. ರಿಕ್ವೆಸ್ಟ್ ಸರ್ವರ್ ತಲುಪಲಿಲ್ಲವೋ, ಅಲ್ಲಿನ್ನೂ ನಡೆಯುತ್ತಿದೆಯೋ, ಮುಗಿದು ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ ಎಂಬುದನ್ನು ಫೋನಿನ ಕಡೆಯಿಂದ ಹೇಳಲಾಗದು. ಮಾಹಿತಿಯನ್ನು ಓದಿ ತರುವ ಗೆಟ್ ರಿಕ್ವೆಸ್ಟ್‌ಗೆ ಈ ಅನಿಶ್ಚಿತತೆ ಬಾಧಿಸದು, ಹೊಸದನ್ನು ದಾಖಲಿಸುವ ಪೋಸ್ಟ್‌ಗೆ ಬಾಧಿಸುತ್ತದೆ. ಆದ್ದರಿಂದ ಪ್ರತಿ ಫಾರಂಗೂ ಒಂದು ಯುಯುಐಡಿ, ಅಂದರೆ ಬೇರೆ ಫಾರಂಗೆ ಮರುಕಳಿಸದ ಗುರುತಿನ ಕೀ, ಕೊಟ್ಟು ರಿಕ್ವೆಸ್ಟ್‌ನ ಹೆಡರ್‌ನಲ್ಲಿ (ಮುಂಭಾಗದ ವಿವರಗಳಲ್ಲಿ) ಕಳುಹಿಸತೊಡಗಿದೆ. ಸರ್ವರ್‌ನಲ್ಲಿ ಆ ಕೀ ಇರುವ ಕಾಲಂಗೆ, ಒಂದೇ ಕೀ ಎರಡು ಸಲ ದಾಖಲಾಗದಂತೆ ತಡೆಯುವ ಯುನೀಕ್ ಇಂಡೆಕ್ಸ್ ಹಾಕಿಸಿ, ಅದೇ ಕೀ ಮತ್ತೆ ಬಂದರೆ ಹಳೆಯ ಫಲಿತಾಂಶವನ್ನೇ ಹಿಂದಿರುಗಿಸುವಂತೆ ಮಾಡಿಸಿದೆ. ಇಲ್ಲಿಯೂ ಒಂದು ಎಡವಟ್ಟು ಮಾಡಿದೆ: ಕೀ ಹುಟ್ಟಿಸುವ ಸಾಲು ರಿಟ್ರೈ ಫಂಕ್ಷನ್ನಿನ ಒಳಗೇ ಇತ್ತು. ಪ್ರತಿ ಪ್ರಯತ್ನಕ್ಕೂ ಹೊಸ ಕೀ, ಮತ್ತೆ ಮೂರು ದಾಖಲೆ. ಈಗ ಕಳುಹಿಸುವ ಬಟನ್ ಒತ್ತಿದೊಡನೆ, ನೆಟ್‌ವರ್ಕ್ ಮುಟ್ಟುವ ಮೊದಲೇ, ಕೀ ಫೋನಿನ ಡೇಟಾಬೇಸ್‌ಗೆ ಬರೆಯಲ್ಪಡುತ್ತದೆ. ಆ್ಯಪ್ ಮುಚ್ಚಿ ತೆರೆದರೂ ಅದೇ ಕೀ ಮುಂದುವರಿಯುತ್ತದೆ.

ರಿಟ್ರೈ ನಡುವಿನ ಬಿಡುವನ್ನು 1, 2, 4 ಸೆಕೆಂಡು ಎಂದು ದ್ವಿಗುಣಗೊಳಿಸಿ, ಎಲ್ಲ ಫೋನುಗಳೂ ಒಮ್ಮೆಗೇ ಮುಗಿಬೀಳದಂತೆ ಪ್ರತಿಯೊಂದಕ್ಕೂ ಸ್ವಲ್ಪ ಯಾದೃಚ್ಛಿಕ ಕಾಲ ಸೇರಿಸಿದೆ. ರಿಟ್ರೈ ಮೂರಕ್ಕಿಂತ ಹೆಚ್ಚಾದರೆ ಕೆಲಸವನ್ನು ಆಂಡ್ರಾಯ್ಡ್‌ನಲ್ಲಿ ಹಿನ್ನೆಲೆಯ ಕೆಲಸ ನಡೆಸುವ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸುತ್ತೇನೆ. ಪರದೆಯ ಮೇಲಿದ್ದ ‘ಕಳುಹಿಸಲಾಗಲಿಲ್ಲ’ ಎಂಬ ಸಂದೇಶ ಸುಳ್ಳಾಗಿತ್ತು. ಅದನ್ನು ‘ಉತ್ತರ ಇನ್ನೂ ಬಂದಿಲ್ಲ, ಫಾರಂ ಫೋನಿನಲ್ಲಿ ಉಳಿದಿದೆ’ ಎಂದು ಬದಲಾಯಿಸಿದೆ.

ಪರೀಕ್ಷೆಗೆ ಮಾಕ್‌ವೆಬ್‌ಸರ್ವರ್ ಎಂಬ ಅಣಕು ಸರ್ವರ್ ನೆರವಾಯಿತು. ರಿಕ್ವೆಸ್ಟನ್ನು ಪಡೆದು ಮೊದಲ ಸಲ ಉತ್ತರಿಸದೆ ಸುಮ್ಮನಿರುವಂತೆ, ಎರಡನೆಯ ಸಲ ಉತ್ತರಿಸುವಂತೆ ಅದನ್ನು ಹೊಂದಿಸಿ, ಎರಡೂ ರಿಕ್ವೆಸ್ಟ್‌ಗಳ ಹೆಡರ್‌ನಲ್ಲಿ ಒಂದೇ ಕೀ ಇದೆಯೇ ಎಂದು ನೋಡುವ ಟೆಸ್ಟ್ ಈಗ ಪ್ರತಿ ಬಿಲ್ಡ್‌ನಲ್ಲೂ ಓಡುತ್ತದೆ.