ಎಲೆ ಉದುರಿಸುವ ಶಂಕುಧಾರಿ ಮರಗಳನ್ನು ಮಲೆನಾಡಿನ ತೇವದ ನೆಲದಲ್ಲಿ ಬೆಳೆಸುವ ಕ್ರಮ

ಪೈನ್‌ನಂತೆ ಶಂಕುವಿನಾಕಾರದ ಕಾಯಿ ಬಿಡುವ ಶಂಕುಧಾರಿ ಮರಗಳೆಲ್ಲ ವರ್ಷವಿಡೀ ಹಸಿರಾಗಿರುತ್ತವೆ ಎಂಬ ಎಣಿಕೆಗೆ ಹೊರತಾದ ಕೆಲವು ಜಾತಿಗಳಿವೆ. ಲಾರ್ಚ್, ಡಾನ್ ರೆಡ್‌ವುಡ್ ಮತ್ತು ಬಾಲ್ಡ್ ಸೈಪ್ರೆಸ್ ಅವುಗಳಲ್ಲಿ ಮುಖ್ಯವಾದವು. ಚಳಿಗಾಲ ಸಮೀಪಿಸಿದಂತೆ ಇವುಗಳ ಎಲೆ ಹಳದಿಗೋ ಇಟ್ಟಿಗೆಗೆಂಪಿಗೋ ತಿರುಗಿ ಪೂರ್ತಿ ಉದುರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಇವನ್ನು ಬೆಳೆಸಬಯಸುವವರು ಮೊದಲು ಜಾತಿಯನ್ನು ಸರಿಯಾಗಿ ಆರಿಸಿಕೊಳ್ಳಬೇಕು, ಅದು ತಪ್ಪಿದರೆ ಮುಂದಿನ ಆರೈಕೆಯೆಲ್ಲ ವ್ಯರ್ಥ.

ಲಾರ್ಚನ್ನು ಕೈಬಿಡುವುದೇ ಸರಿ. ಹಿಮಾಲಯದ ಲಾರ್ಚ್ ಸಿಕ್ಕಿಂ, ಭೂತಾನದ ಎತ್ತರದ ಇಳಿಜಾರುಗಳಲ್ಲಿ ಬೆಳೆಯುತ್ತದೆಯಾದರೂ, ಅದಕ್ಕೆ ಬೇಕಾದ ಹಿಮಗಾಲ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿಯೂ ಇಲ್ಲ. (ಆ ಗಿರಿಶ್ರೇಣಿಯ ಹುಲ್ಲುಗಾವಲಿನಲ್ಲಿ ಹೊರಗಿನ ಯಾವ ಮರವನ್ನೂ ನೆಡಬಾರದು ಎಂಬುದು ಬೇರೆಯೇ ಮಾತು.) ಡಾನ್ ರೆಡ್‌ವುಡ್ 1941ರಲ್ಲಿ ಪಳೆಯುಳಿಕೆಗಳ ಆಧಾರದಿಂದ ಹೆಸರು ಪಡೆದು, ಅನಂತರ ಚೀನಾದ ಹುಬೇ ಪ್ರಾಂತ್ಯದಲ್ಲಿ ಜೀವಂತವಾಗಿ ಕಂಡುಬಂದ ಮರ, ಅದಕ್ಕೂ ನಮ್ಮಲ್ಲಿರುವುದಕ್ಕಿಂತ ಹೆಚ್ಚಿನ ಚಳಿ ಹಿತ, ಆದ್ದರಿಂದ ಆಸಕ್ತಿಗೆ ಒಂದೆರಡು ಗಿಡ ಸಾಕು. ಉಳಿದದ್ದು ಬಾಲ್ಡ್ ಸೈಪ್ರೆಸ್. ಅಮೆರಿಕದ ಲೂಯಿಸಿಯಾನ, ಫ್ಲಾರಿಡಾ ಮುಂತಾದ ಕಡೆ, ಬಿಸಿ ಬೇಸಿಗೆಯೂ ಸೌಮ್ಯ ಚಳಿಗಾಲವೂ ಇರುವ ಜೌಗು ಪ್ರದೇಶಗಳೇ ಇದರ ತವರು. ಹುಳಿ ಮಣ್ಣು ಇದಕ್ಕೆ ಒಗ್ಗುತ್ತದೆ. ಹಡ್ಲು ಬಿದ್ದ ಗದ್ದೆ, ಕೆರೆಯಂಚು, ಹಳ್ಳದ ಬದಿಗಳಿಗೆ ಇದನ್ನೇ ಆರಿಸಬೇಕು.

ಗಿಡ ಕೊಳ್ಳುವಾಗ ಹೆಸರುಚೀಟಿಯನ್ನು ನಂಬುವ ಬದಲು ಎಲೆಯನ್ನು ನೋಡಬೇಕು. ಬಾಲ್ಡ್ ಸೈಪ್ರೆಸ್ಸಿನ ಸಣ್ಣ ಕಡ್ಡಿಯ ಮೇಲೆ ಚಪ್ಪಟೆ ಎಲೆಗಳು ಒಂದು ಈ ಬದಿಗೆ, ಸ್ವಲ್ಪ ಮುಂದೆ ಇನ್ನೊಂದು ಆ ಬದಿಗೆ ಎಂಬಂತೆ ಹೊರಡುತ್ತವೆ. ಡಾನ್ ರೆಡ್‌ವುಡ್‌ನಲ್ಲಿ ಅವು ಎದುರುಬದುರಾಗಿ ಜೋಡಿಯಾಗಿರುತ್ತವೆ. ಎರಡರಲ್ಲೂ ಎಲೆಗಳು ಬಿಡಿಬಿಡಿಯಾಗಿ ಉದುರದೆ, ಗರಿಯಂತಹ ಆ ಕಡ್ಡಿಯೇ ಇಡಿಯಾಗಿ ಕಳಚಿ ಬೀಳುತ್ತದೆ.

ಬಾಲ್ಡ್ ಸೈಪ್ರೆಸ್ಸನ್ನು ಬೀಜದಿಂದ ಎಬ್ಬಿಸುವುದಾದರೆ ನವೆಂಬರಿನಲ್ಲಿಯೇ ಸಿದ್ಧತೆ ಆಗಬೇಕು. ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳಿನೊಂದಿಗೆ ಬೆರೆಸಿ, ಫ್ರಿಜ್ಜಿನ ಕೆಳಭಾಗದಲ್ಲಿ 60ರಿಂದ 90 ದಿನ ಇಡಬೇಕು. ಈ ತಂಪು ಸಿಗದಿದ್ದರೆ ಮೊಳಕೆ ತಡವಾಗಿ, ಅಲ್ಲೊಂದು ಇಲ್ಲೊಂದು ಬರುತ್ತದೆ. ಕಾಫಿ ಬೀಜದಲ್ಲಿ ಮಾಡುವಂತೆ ತೇಲಿದ್ದನ್ನೆಲ್ಲ ಜೊಳ್ಳೆಂದು ಎಸೆಯುವ ರೂಢಿಯನ್ನು ಇಲ್ಲಿ ಬಿಡಬೇಕು, ಏಕೆಂದರೆ ಪ್ರವಾಹದ ನೀರಿನಲ್ಲಿ ತೇಲಿಯೇ ಹರಡುವ ಬೀಜ ಇದು. ಫೆಬ್ರುವರಿಯಲ್ಲಿ ಪಾತಿಗೆ ಹಾಕಿ, ಮೊಳೆತ ಮೇಲೆ ಪಾಲಿಥಿನ್ ಚೀಲಗಳಿಗೆ ಬದಲಿಸಿ, ಮುಂದಿನ ವರ್ಷದ ಮಳೆಗಾಲದವರೆಗೆ ನರ್ಸರಿಯಲ್ಲಿಯೇ ಬೆಳೆಸುವುದು ಕ್ಷೇಮ.

ನೆಡುವ ಸಮಯವನ್ನು ನೀರು ನಿರ್ಧರಿಸುತ್ತದೆ. ಬೆಳೆದ ಮರ ನಿಂತ ನೀರಿನಲ್ಲಿ ತಿಂಗಳುಗಟ್ಟಲೆ ಇರಬಲ್ಲದು, ಆದರೆ ಎಳೆಯ ಗಿಡದ ತುದಿ ವಾರಗಟ್ಟಲೆ ಮುಳುಗಿದರೆ ಸಾಯುತ್ತದೆ. ಆದ್ದರಿಂದ ದಂಡೆಯ ಮೇಲೆ ನೆಡುವವರು ಜೂನಿನಲ್ಲಿಯೂ, ಆಷಾಢದ ಮಳೆಗೆ ಮುಳುಗುವ ತಗ್ಗಿನಲ್ಲಿ ನೆಡುವವರು ನೀರಿಳಿದ ಮೇಲೆ ಸೆಪ್ಟೆಂಬರಿನಲ್ಲಿಯೂ ನೆಡಬೇಕು. ಒಂದೂವರೆ ಅಡಿ ಗುಂಡಿಗೆ ಮೇಲ್ಮಣ್ಣು, ಕೊಳೆತ ಗೊಬ್ಬರ ಸಾಕು. ಕಾಫಿಗೆ ಸುಣ್ಣ ಎರಚುವಾಗ ಈ ಗಿಡದ ಬುಡವನ್ನು ಬಿಟ್ಟುಬಿಡಬೇಕು. ಸುಣ್ಣದಂಶ ಹೆಚ್ಚಿದರೆ ಎಲೆ ಹಳದಿಗಟ್ಟುತ್ತದೆ. ಅರಸೀಕೆರೆ, ಕಡೂರಿನಂತಹ ಒಣ ಸೀಮೆಯಲ್ಲಿ ಈ ಪ್ರಯತ್ನ ಬೇಡವೆಂದೇ ನನ್ನ ಸಲಹೆ. ಮೊದಲ ಎರಡು ಬೇಸಿಗೆಗಳಲ್ಲಿ ಬುಡಕ್ಕೆ ದರಗು ಹೊದಿಸಿ, ಮಣ್ಣು ಒಣಗದಂತೆ ನೀರುಣಿಸಬೇಕು.

ಕಾಫಿಗೆ ನೆರಳಿನ ಮರವಾಗಿ ಇದನ್ನು ಬಳಸಬಾರದು. ಚಳಿಗಾಲದಲ್ಲಿ ಬೋಳಾಗುವ ಈ ಮರ, ಹೂಮಳೆಗೆ (ಕಾಫಿ ಹೂವನ್ನು ಅರಳಿಸುವ ಬೇಸಿಗೆಯ ಮಳೆಗೆ) ಮುಂಚಿನ ಬಿಸಿಲಿನಲ್ಲಿ ಕಾಫಿಗೆ ನೆರಳು ಅತ್ಯಗತ್ಯವಾದಾಗಲೇ ಸಾಲದಾಗಬಹುದು. ಆ ಕೆಲಸಕ್ಕೆ ಸಿಲ್ವರ್ ಓಕ್, ಹಲಸು, ಅತ್ತಿಗಳೇ ಇವೆ.

ಎಲೆ ಉದುರುವ ಕಾಲ ನಮ್ಮ ಸೌಮ್ಯ ಚಳಿಯಲ್ಲಿ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗಬಹುದು, ಬಣ್ಣವೂ ಚಳಿನಾಡಿನಷ್ಟು ಗಾಢವಾಗಬೇಕೆಂದಿಲ್ಲ. ಬೋಳಾದ ಮರವನ್ನು ಒಣಗಿತೆಂದು ಆಳುಗಳು ಕಡಿದುಹಾಕದಂತೆ ಮೊದಲೇ ಹೇಳಿಟ್ಟಿರಬೇಕು. ಸಂದೇಹವಾದರೆ ಎಳೆಯ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಬೇಕು: ಒಳಗೆ ಹಸಿರು, ಒದ್ದೆ ಇದ್ದರೆ ಮರ ಬದುಕಿದೆ, ಕಂದಾಗಿ ಪುಡಿಯಾದರೆ ಆ ರೆಂಬೆ ಸತ್ತಿದೆ, ಕೆಳಗಿನ ರೆಂಬೆಯನ್ನು ಪರೀಕ್ಷಿಸಬೇಕು. ಬರಿದಾಗಿರುವ ಈ ಅವಧಿಯೇ ಒಣರೆಂಬೆ ಸವರಲು ಅನುಕೂಲವಾದದ್ದು.

ಗಿಡದಿಂದ ಗಿಡಕ್ಕೆ 20ರಿಂದ 25 ಅಡಿ ಅಂತರ ಇರಲಿ. ಒದ್ದೆ ನೆಲದಲ್ಲಿ ಮರ ಬಲಿತಂತೆ ಬೇರುಗಳಿಂದ ಮೊಣಕಾಲಿನಂತಹ ಗಡುಸಾದ ಮೊಟಕುಗಳು ನೆಲದಿಂದ ಮೇಲೇಳುತ್ತವೆ. ಹಾಗಾಗಿ ಮನೆಯ ಪಾಯ, ಕಣ, ಕಾಲುದಾರಿಗಳಿಂದ ದೂರವೇ ನೆಟ್ಟು, ಕಳೆ ಕೊಚ್ಚುವ ಯಂತ್ರ ಇಳಿಸುವ ಮುನ್ನ ಆ ಮೊಟಕುಗಳ ಪಕ್ಕದಲ್ಲಿ ಗೂಟ ನೆಟ್ಟು ಗುರುತು ಮಾಡಬೇಕು.