ಪುಟ್ಟ ನಾಯಿಯೂ ನಾಯಿಯೇ

ನಮ್ಮ ಮೈಸೂರಿನ ಮನೆಗೆ ಮೊದಲ ಸ್ಪಿಟ್ಜ್ ಮರಿ ಬಂದದ್ದು 1987ರಲ್ಲಿ. ಆ ಜಾತಿಗೆ ಸ್ಪಿಟ್ಜ್ ಎಂಬ ಹೆಸರಿರುವುದು ಆಗ ನಮಗಾರಿಗೂ ಗೊತ್ತಿರಲಿಲ್ಲ. ಬಿಳಿ ಕೂದಲು, ಚೂಪು ಮೂತಿ, ಬೆನ್ನ ಮೇಲೆ ಸುರುಳಿಯಾದ ಬಾಲವಿದ್ದ ನಾಯಿಯನ್ನೆಲ್ಲ ಇಡೀ ಬೀದಿ 'ಪಾಮೆರೇನಿಯನ್' ಎಂದೇ ಕರೆಯುತ್ತಿತ್ತು. ಅನಂತರ ಇನ್ನೊಂದು ಸ್ಪಿಟ್ಜ್, ಒಂದು ಡ್ಯಾಷ್‌ಹಂಡ್, ಒಂದು ಪಗ್ ನಮ್ಮಲ್ಲಿ ಬಾಳಿ ಹೋದವು. ಈಗ ನನ್ನ ಕಾಲ ಬಳಿ ಮಲಗಿರುವುದು ಐದನೆಯದು. ಫ್ಲ್ಯಾಟುಗಳಲ್ಲಿರುವ ನಮ್ಮ ಮಕ್ಕಳು, ಸೊಸೆಯಂದಿರು, ಅವರ ಸ್ನೇಹಿತರು ಹೊಸದಾಗಿ ಮರಿ ತಂದಾಗ ಕೇಳುವ ಪ್ರಶ್ನೆಗಳು ಬೇರೆ ಬೇರೆಯಾದರೂ ನಾನು ಮೊದಲು ಹೇಳುವ ಮಾತು ಒಂದೇ: ನಾಯಿ ಸಣ್ಣದೆಂದು ಅದರ ತಪ್ಪನ್ನಾಗಲಿ, ಅದರ ಅಗತ್ಯವನ್ನಾಗಲಿ ಸಣ್ಣದೆಂದುಕೊಳ್ಳಬೇಡಿ.

ನಾನು ಇದನ್ನು ಕಲಿತದ್ದು ಒಂದು ಮಗುವಿನ ನೋವಿನಿಂದ. ನಮ್ಮ ಮೊದಲ ನಾಯಿ ಚಿನ್ನಿ ತನ್ನ ತಟ್ಟೆಯ ಬಳಿ ಯಾರೇ ಹೋದರೂ ಗುರುಗುಟ್ಟುತ್ತಿತ್ತು. ಆರು ಕಿಲೋ ತೂಗದ ಪ್ರಾಣಿಯ ಆ ಕೋಪ ಮುದ್ದಾಗಿ ಕಂಡು, ಮನೆಗೆ ಬಂದವರಿಗೆ ತೋರಿಸಲೆಂದೇ ನಾವು ತಟ್ಟೆಯನ್ನು ಕೈಯಿಂದ ಸರಿಸಿ ಅದನ್ನು ಕೆಣಕುತ್ತಿದ್ದೆವು. ಚಿನ್ನಿಗೆ ಎರಡು ವರ್ಷವಾಗುವ ಹೊತ್ತಿಗೆ, ಬೇಸಿಗೆ ರಜೆಗೆ ಬಂದಿದ್ದ ಬಂಧುಗಳ ಮಗು ತಟ್ಟೆಯ ಕಡೆಗೆ ಕೈ ಚಾಚಿತು. ಚಿನ್ನಿ ಆ ಕೈಗೆ ಹಲ್ಲೂರಿತು. ಮನೆಯಲ್ಲಿದ್ದದ್ದು ಅಲ್ಸೇಷನ್ ಆಗಿದ್ದರೆ ಮೊದಲ ಬಾರಿ ಗುರುಗುಟ್ಟಿದ ದಿನವೇ ಎಚ್ಚೆತ್ತುಕೊಳ್ಳುತ್ತಿದ್ದೆವು. ಹಾಗೆಂದು ಗುರುಗುಟ್ಟುವ ನಾಯಿಯನ್ನು ಹೊಡೆದು ಗದರಿಸುವುದೂ ಪರಿಹಾರವಲ್ಲ. ಅದು ನಾಯಿ ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನೇ ಅಡಗಿಸಿದರೆ ನಾಯಿ ಮುಂದೆ ಸದ್ದಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ. ಎರಡನೆಯ ಮರಿ ಬಂದಾಗ, ಅದು ತಿನ್ನುವ ವೇಳೆ ಹತ್ತಿರ ಹೋದ ದೊಡ್ಡವರು ತಟ್ಟೆಯಿಂದ ಏನನ್ನೂ ತೆಗೆಯದೆ, ಬೆಂದ ಮೊಟ್ಟೆಯ ಚೂರನ್ನೋ ಪನೀರಿನ ಚೂರನ್ನೋ ಅದರಲ್ಲಿ ಹಾಕಿ ಸುಮ್ಮನೆ ಸರಿದು ಬರಬೇಕೆಂದು ಮನೆಯಲ್ಲಿ ನಿಯಮ ಮಾಡಿದೆವು. ಮನುಷ್ಯರ ಕೈ ಬಂದರೆ ಕಸಿಯುವುದಿಲ್ಲ, ಕೊಡುತ್ತದೆ ಎಂದು ತಿಳಿದ ಆ ನಾಯಿ ಬದುಕಿರುವವರೆಗೂ ತಟ್ಟೆಯ ಬಳಿ ಗುರುಗುಟ್ಟಲಿಲ್ಲ. ಮಕ್ಕಳನ್ನು ಮಾತ್ರ ಈ ಕೆಲಸಕ್ಕೆ ಬಿಡಬೇಡಿ. ಕಚ್ಚಿದ್ದು ಮನೆಯ ನಾಯಿಯೇ ಆದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು.

ಮರಿಯನ್ನು ತರುವಾಗ ಎಂಟು ವಾರ ತುಂಬಿರಲಿ. ಮಾರುವವರು 'ಹಾಲು ಬಿಟ್ಟಿದೆ' ಎಂದು ತಿಂಗಳ ಮರಿಯನ್ನೇ ಕೈಗೆ ಕೊಡುವುದುಂಟು, ಆದರೆ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗಲೇ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡದ್ದು ಕೇಳಿದ್ದು ಅದಕ್ಕೆ ಜೀವನವಿಡೀ ಸಹಜವಾಗಿರುತ್ತದೆ. ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ, ಕರೆಗಂಟೆ, ಹೆಲ್ಮೆಟ್ ಧರಿಸಿದ ಮನುಷ್ಯ, ಕೊಡೆ, ಆಟೊ ಇವೆಲ್ಲವನ್ನೂ ಆ ದಿನಗಳಲ್ಲಿ ದೂರದಿಂದ, ಹೆದರಿಸದೆ ಪರಿಚಯಿಸಬೇಕು. ಲಸಿಕೆಗಳು ಪೂರ್ಣವಾಗುವವರೆಗೆ ಬೀದಿಯ ನೆಲದ ಮೇಲೆ ಬಿಡಬೇಡಿ, ಏಕೆಂದರೆ ಪಾರ್ವೊ ಎಂಬ ಕಾಯಿಲೆ ಮರಿಗಳನ್ನು ಎರಡು ಮೂರು ದಿನಗಳಲ್ಲೇ ಬಲಿ ತೆಗೆದುಕೊಳ್ಳಬಲ್ಲದು. ಎತ್ತಿಕೊಂಡು ಗೇಟಿನ ಬಳಿ ನಿಂತು ಬೀದಿಯನ್ನು ತೋರಿಸಿದರೆ ಸಾಕು. ರೇಬಿಸ್ ಲಸಿಕೆಯನ್ನು ಮೂರನೆಯ ತಿಂಗಳಲ್ಲಿ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮುಂದುವರಿಸಬೇಕು.

ಕಲಿಸುವುದರಲ್ಲಿ ನಾಯಿಗಿಂತ ಹೆಚ್ಚು ತಿದ್ದಬೇಕಾದವರು ಮನೆಯವರು. ಅಜ್ಜಿ 'ಕೂತ್ಕೋ' ಎನ್ನುತ್ತಾರೆ, ಮೊಮ್ಮಗ 'ಸಿಟ್' ಎನ್ನುತ್ತಾನೆ, ಮಗ 'ಕೂರು, ಕೂರು, ಕೂರು' ಎಂದು ಮೂರು ಬಾರಿ ಕೂಗುತ್ತಾನೆ. ನಾಯಿಯ ಪಾಲಿಗೆ ಇವು ಮೂರು ಬೇರೆ ಸದ್ದುಗಳು. ಯಾವ ಭಾಷೆಯ ಪದವಾದರೂ ಆಗಲಿ, ಒಂದು ಕೆಲಸಕ್ಕೆ ಒಂದೇ ಪದವೆಂದು ಎಲ್ಲರೂ ಒಪ್ಪಿ, ಆ ಪದಗಳನ್ನು ಬರೆದು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿ. ನಮ್ಮಲ್ಲಿ 'ಬಾ', 'ಕೂತ್ಕೋ', 'ಇರು', 'ಬಿಡು' ಎಂಬ ನಾಲ್ಕೇ ಪದಗಳಿವೆ, ಅಷ್ಟರಲ್ಲೇ ಸಂಸಾರ ನಡೆಯುತ್ತದೆ. ಪದವನ್ನು ಒಮ್ಮೆ ಮಾತ್ರ ಹೇಳಬೇಕು, ಹೇಳಿದಂತೆ ಮಾಡಿದ ಕ್ಷಣದಲ್ಲೇ ಕಡಲೆಕಾಳಿನಷ್ಟು ತಿಂಡಿ ಕೊಡಬೇಕು. ಅಡುಗೆಮನೆಗೆ ಹೋಗಿ ಡಬ್ಬಿ ತೆರೆದು ತರುವಷ್ಟರಲ್ಲಿ ಅದು ಯಾತಕ್ಕೆ ಸಿಕ್ಕಿತೆಂಬುದು ನಾಯಿಗೆ ಮರೆತಿರುತ್ತದೆ. ಐದು ನಿಮಿಷದ ಪಾಠ ದಿನಕ್ಕೆ ಮೂರು ಬಾರಿ ನಡೆದರೆ ಸಾಕು. 'ಬಾ' ಎಂದು ಕರೆದು ಹತ್ತಿರ ಬಂದ ನಾಯಿಯನ್ನು ಎಂದೂ ಬೈಯಬೇಡಿ, ಎಂಥ ತಪ್ಪು ಮಾಡಿದ್ದರೂ ಸರಿ.

ಮಲಮೂತ್ರದ ಅಭ್ಯಾಸದ ಬಗ್ಗೆ ನನಗೆ ಬರುವಷ್ಟು ಫೋನು ಬೇರೆ ಯಾವುದಕ್ಕೂ ಬರುವುದಿಲ್ಲ. ಸಣ್ಣ ಜಾತಿಗಳ ಮೂತ್ರಕೋಶವೂ ಸಣ್ಣದು. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಗಂಟೆಗಿಂತ ಹೆಚ್ಚು ತಡೆಯಲಾರದು. ಆದ್ದರಿಂದ ಎದ್ದ ಕೂಡಲೇ, ಉಂಡು ಕಾಲು ಗಂಟೆಯೊಳಗೆ, ಆಟ ಮುಗಿದ ಕೂಡಲೇ, ಮಲಗುವ ಮುನ್ನ ಅದನ್ನು ಒಂದೇ ಜಾಗಕ್ಕೆ ಒಯ್ಯಬೇಕು. ಆ ಜಾಗ ಹಿತ್ತಲಾಗಿರಬಹುದು, ಫ್ಲ್ಯಾಟಿನಲ್ಲಿ ಯುಟಿಲಿಟಿಯಲ್ಲಿಟ್ಟ ಟ್ರೇ ಆಗಿರಬಹುದು. ನಾವು ಹಳೆಯ ಪತ್ರಿಕೆ ಹಾಸುತ್ತಿದ್ದೆವು. ಒದ್ದೆಯಾದ ಹಾಳೆಗಳಲ್ಲಿ ಒಂದು ತುಣುಕನ್ನು ಹೊಸ ಹಾಳೆಯ ಕೆಳಗೆ ಉಳಿಸಿದರೆ ವಾಸನೆ ಹಿಡಿದು ಮರಿ ಅಲ್ಲಿಗೇ ಬರುತ್ತದೆ. ಕೆಲಸ ಮುಗಿದೊಡನೆ ಅಲ್ಲಿಯೇ ನಿಂತು ಹೊಗಳಿ ತಿಂಡಿ ಕೊಡಬೇಕು, ಒಳಗೆ ಬಂದ ಮೇಲಲ್ಲ. ನಡುಮನೆಯಲ್ಲಿ ಮಾಡಿಬಿಟ್ಟರೆ ಮೂತಿಯನ್ನು ಅದಕ್ಕೆ ಉಜ್ಜುವ ಹಳೆಯ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಅದರಿಂದ ನಾಯಿ ಕಲಿಯುವುದು ನಿಮ್ಮ ಕಣ್ಣಿಗೆ ಬೀಳದಂತೆ ಸೋಫಾದ ಹಿಂದೆ ಹೋಗಿ ಮಾಡುವುದನ್ನು ಮಾತ್ರ. ಒರೆಸಿದ ನೆಲವನ್ನು ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಮತ್ತೊಮ್ಮೆ ಒರೆಸಿದರೆ ವಾಸನೆ ಕಡಿಮೆಯಾಗಿ, ಅದೇ ಜಾಗಕ್ಕೆ ಮರಳುವುದು ತಪ್ಪುತ್ತದೆ. ಕಾಲು ನೆಕ್ಕುವ ಮರಿ ಓಡಾಡುವ ಕಡೆ ಫಿನಾಯಿಲ್ ಸುರಿಯುವುದು ಒಳ್ಳೆಯದಲ್ಲ.

ಇನ್ನು ತಿನಿಸಿನ ವಿಚಾರ. ನಮ್ಮ ಮನೆಗಳಲ್ಲಿ ನಾಯಿಗೆ ಅಪಾಯ ಬರುವುದು ಪ್ರೀತಿಯ ಕೈಯಿಂದಲೇ. ಹಬ್ಬದ ದಿನ ಪಾಯಸದೊಳಗಿನ ಒಣದ್ರಾಕ್ಷಿಯನ್ನು ನಾಯಿಗೆ ಆರಿಸಿ ಕೊಡುವವರನ್ನು ನಾನು ನೋಡಿದ್ದೇನೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿಗಳು ಅದರ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಆದ್ದರಿಂದ ಸಾಂಬಾರಿನಲ್ಲಿ ಕಲಸಿದ ಅನ್ನ ಬೇಡ. ಚಾಕೊಲೇಟು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಕೂಡ ವಿಷವೇ. ದೊಡ್ಡ ನಾಯಿ ತಾಳಿಕೊಳ್ಳಬಹುದಾದ ಪ್ರಮಾಣವೇ ಮೂರು ಕಿಲೋ ತೂಗುವ ನಾಯಿಗೆ ಪ್ರಾಣಾಂತಕವಾಗಬಹುದು. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದೂ ಇದೇ ಬಗೆಯ ತಪ್ಪು. ಅಲ್ಲದೆ ನಾಯಿಯ ಮೈ ಸಹಜವಾಗಿಯೇ ನಮ್ಮದಕ್ಕಿಂತ ಬಿಸಿ, ಸುಮಾರು 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹಾಲು ಬಹಳಷ್ಟು ಬೆಳೆದ ನಾಯಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ, ಸ್ವಲ್ಪ ಮೊಸರು ಒಗ್ಗಬಹುದು. ಬಿಸ್ಕತ್ತಿನ ಲೆಕ್ಕವನ್ನೂ ಹೇಳಬೇಕು: ನಾಲ್ಕು ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 300 ಕ್ಯಾಲೊರಿ ಸಾಕು, ಮೂರು ಮಾರಿ ಬಿಸ್ಕತ್ತುಗಳು ಅದರ ಕಾಲುಭಾಗದಷ್ಟನ್ನು ತುಂಬಿಬಿಡುತ್ತವೆ. ಮನೆಯ ಐವರೂ ಕಾಫಿಯ ಹೊತ್ತಿಗೆ ಒಂದೊಂದು ಕೊಟ್ಟರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಪಕ್ಕೆಯನ್ನು ಹಗುರವಾಗಿ ಸವರಿದಾಗ ಎಲುಬು ಕೈಗೆ ತಾಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ತೀರ ಸಣ್ಣ ಜಾತಿಯ ಮರಿಗಳಿಗೆ ಮಾತ್ರ ದಿನಕ್ಕೆ ನಾಲ್ಕು ಬಾರಿ ಕೊಡಬೇಕು, ಏಕೆಂದರೆ ಹೊಟ್ಟೆ ಖಾಲಿಯಿದ್ದರೆ ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಮರಿ ತೂಕಡಿಸಿ, ತೂರಾಡಿ, ಜೋತುಬಿದ್ದರೆ ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆನೀರನ್ನೋ ಸವರಿ ಕೂಡಲೇ ವೈದ್ಯರ ಬಳಿ ಓಡಬೇಕು.

ಒಂದೊಂದು ಜಾತಿಯ ದೇಹಕ್ಕೆ ಒಂದೊಂದು ಕಷ್ಟವಿದೆ. ನಮ್ಮ ಡ್ಯಾಷ್‌ಹಂಡ್ ಮಂಚದಿಂದ ಹಾರಿ ಹಾರಿ ಏಳನೆಯ ವಯಸ್ಸಿನಲ್ಲಿ ಬೆನ್ನುಹುರಿಯ ನೋವಿಗೆ ಸಿಲುಕಿತು; ಆ ಉದ್ದ ಬೆನ್ನಿಗೆ ಹಾರುವುದು ಆಗಿಬರುವುದಿಲ್ಲವೆಂದು ಮೊದಲೇ ತಿಳಿದಿದ್ದರೆ ಮಂಚಕ್ಕೊಂದು ಇಳಿಜಾರು ಹಲಗೆ ಮಾಡಿಸಿರುತ್ತಿದ್ದೆ. ಪಗ್ ನಾಯಿಯಿದ್ದ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂದ ಮೇಲೆ ಪಗ್ಗಿಗೆ ಎಲ್ಲಿಲ್ಲದ ಬೇಡಿಕೆ ಬಂತು, ಆದರೆ ಚಪ್ಪಟೆ ಮೂತಿಯ ಆ ನಾಯಿ ಏದುಸಿರಿನಿಂದ ಮೈ ತಂಪು ಮಾಡಿಕೊಳ್ಳಲು ಎಷ್ಟು ಪಾಡುಪಡುತ್ತದೆಂಬುದನ್ನು ಆ ಜಾಹೀರಾತು ಹೇಳಲಿಲ್ಲ. ಬೇಸಿಗೆಯಲ್ಲಿ ಅದನ್ನು ಬೆಳಿಗ್ಗೆ ಏಳರೊಳಗೆ ಮಾತ್ರ ಹೊರಗೆ ಕರೆದೊಯ್ಯಬೇಕು. ಸ್ಪಿಟ್ಜಿನ ಎರಡು ಪದರದ ಕೂದಲನ್ನು ಸೆಕೆಯೆಂದು ಬೋಳಿಸಬೇಡಿ, ವಾರಕ್ಕೆ ಮೂರು ದಿನ ಬಾಚಿ. ಸಣ್ಣ ನಾಯಿಗಳ ಶ್ವಾಸನಾಳ ಮೆತ್ತಗಿರುವುದರಿಂದ ಕುತ್ತಿಗೆ ಪಟ್ಟಿಗೆ ಹಗ್ಗ ಕಟ್ಟಿ ಎಳೆಯುವ ಬದಲು ಎದೆಯನ್ನು ಸುತ್ತುವ ಹಾರ್ನೆಸ್ ಹಾಕಬೇಕು. ಪುಟ್ಟ ಬಾಯಿಯಲ್ಲಿ ಹಲ್ಲುಗಳು ಇಕ್ಕಟ್ಟಾಗಿ ಬೇಗ ಕಿಟ್ಟ ಕಟ್ಟುವುದರಿಂದ ಮರಿಯಿದ್ದಾಗಲೇ ಬೆರಳಿಗೆ ಬಟ್ಟೆ ಸುತ್ತಿ ಹಲ್ಲುಜ್ಜುವ ರೂಢಿ ಮಾಡಿ. ನಮ್ಮ ಪೇಸ್ಟು ಬೇಡ, ನಾಯಿಗಳದ್ದೇ ಸಿಗುತ್ತದೆ.

ಎದುರಿಗೆ ಇನ್ನೊಂದು ನಾಯಿ ಕಂಡ ತಕ್ಷಣ ಎತ್ತಿಕೊಳ್ಳುವ ಅಭ್ಯಾಸ ಬೇಡ. ಪ್ರತಿ ಬಾರಿಯೂ ಎತ್ತಿದರೆ, ನೆಲದ ಮೇಲಿರುವುದೇ ಅಪಾಯವೆಂದು ತಿಳಿದು ಅದು ತೋಳಿನ ಮೇಲಿಂದಲೇ ಬೊಗಳತೊಡಗುತ್ತದೆ. ಬೀದಿನಾಯಿಗಳ ಗುಂಪಿದ್ದರೆ ದೂರದಿಂದಲೇ ರಸ್ತೆ ದಾಟಿ, ಅವು ಮೇಲೆ ಬಂದಾಗ ಎತ್ತಿಕೊಳ್ಳಿ. ದೀಪಾವಳಿಯ ಸಂಜೆಗಳಲ್ಲಿ ಬೆಳಕಿರುವಾಗಲೇ ಅಡ್ಡಾಡಿಸಿ ತಂದು, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಮತ್ತು ರೇಡಿಯೊ ಹಾಕಿ ಜೊತೆಯಲ್ಲಿ ಕುಳಿತುಕೊಳ್ಳಿ. ಹೆದರಿದ ನಾಯಿಯನ್ನು ಸವರಿ ಸಮಾಧಾನಪಡಿಸಿದರೆ ಅದರ ಭಯ ಹೆಚ್ಚುತ್ತದೆಂಬುದು ಸುಳ್ಳು.

ಸಣ್ಣ ಜಾತಿಯ ನಾಯಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ನನಗೆ ಎಪ್ಪತ್ತು ತುಂಬಿದ ಮೇಲೆ ಮರಿ ತರುವ ಧೈರ್ಯ ಮಾಡದೆ, ವಿದೇಶಕ್ಕೆ ಹೊರಟಿದ್ದ ಕುಟುಂಬವೊಂದು ಬಿಟ್ಟುಕೊಟ್ಟ ಏಳು ವರ್ಷದ ಸ್ಪಿಟ್ಜನ್ನು ಮನೆಗೆ ಕರೆತಂದೆ. ವಯಸ್ಸಾದ ನಾಯಿಗೆ ಕಲಿಸಲಾಗದೆಂದು ಹೇಳಿದವರಿದ್ದರು. 'ಇರು' ಎಂಬ ಪದಕ್ಕೆ ಅದು ತೆಗೆದುಕೊಂಡದ್ದು ಹತ್ತೊಂಬತ್ತು ದಿನ. ಅದರ ಲಸಿಕೆಯ ತಾರೀಕುಗಳು, ತೂಕ, ತಿನ್ನಬಾರದವುಗಳ ಪಟ್ಟಿ, ವೈದ್ಯರ ನಂಬರು ಇರುವ ಪುಸ್ತಕವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ, ಪಕ್ಕದ ಮನೆಯವರಿಗೆ ಅದನ್ನು ತೋರಿಸಿ ಒಂದು ಬೀಗದ ಕೈಯನ್ನೂ ಕೊಟ್ಟಿದ್ದೇನೆ.